ಗೀಸರ್ ಸರಿಯಿದೆ, ಶವರ್‌ನಲ್ಲಿ ಬಿಸಿನೀರು ಮಾತ್ರ ದಾರದಂತೆ ಬರುತ್ತಿದೆ: ತಡೆ ಎಲ್ಲಿದೆ ಎಂದು ಹುಡುಕುವುದು ಹೇಗೆ

ಎರಡು ವರ್ಷದ ಹಿಂದಿನ ಡಿಸೆಂಬರ್. ಪುಣೆಯಲ್ಲಿ ಬೆಳಗ್ಗೆ ಹತ್ತು ಡಿಗ್ರಿ ಆಸುಪಾಸು ಚಳಿ. ಧಾರವಾಡದಿಂದ ಬಂದಿದ್ದ ಅವ್ವ ಬಚ್ಚಲಿನಿಂದ ಕೂಗಿದಳು: "ನಳಾ ಪೂರ್ತಿ ತಿರುವೇನಿ, ನೀರು ದಾರದ ಎಳಿ ಹಂಗ ಬರಾಕತ್ತೈತಿ." ತಣ್ಣೀರು ತಿರುವಿದರೆ ಭರ್ರನೆ ಬರುತ್ತಿತ್ತು. ಬಿಸಿ ಮಾತ್ರ ಇಲ್ಲ. ಎರಡೂ ಬೆರೆಸಿದರೆ ತಣ್ಣೀರಿನದೇ ಜೋರು, ಮೈ ನಡುಗುತ್ತಿತ್ತು. ಎಪ್ಪತ್ತು ದಾಟಿದವಳು ಆ ಚಳಿಯಲ್ಲಿ ಒದ್ದೆ ಮೈಯಲ್ಲಿ ನಿಂತು ಬಕೆಟ್ ತುಂಬಲು ಕಾಯುವುದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು.

ಸರ್ವಿಸ್‌ನವರನ್ನು ಕರೆಸಿದೆ. ಬಂದವರು ಗೀಸರ್ ಮುಚ್ಚಳ ಕೂಡ ಬಿಚ್ಚಲಿಲ್ಲ. "ಏಳು ವರ್ಷದ್ದು, ಒಳಗೆಲ್ಲ ಕ್ಷಾರ ಕೂತಿದೆ, ಹೊಸದು ಹಾಕಿಸಿ" ಎಂದು ಹೇಳಿ ಹೋದರು. ಮರುದಿನ ನಮ್ಮ ಹೌಸಿಂಗ್ ಸೊಸೈಟಿಗೆ ಬರುವ, ಅಕ್ಕಲಕೋಟೆ ಕಡೆಯ ಕನ್ನಡ ಮಾತಾಡುವ ಪ್ಲಂಬರ್ ಕಾಕಾ ಬಂದರು. ಅವರು ಗೀಸರ್ ನೋಡುವ ಮೊದಲು ಒಂದು ಮಾತು ಹೇಳಿದರು: "ಅಕ್ಕಾರ, ಹೊರಗ ನೀರ ಬರಬೇಕಂದ್ರ ಒಳಗ ನೀರ ಹೋಗಬೇಕಲ್ರಿ." ಅರ್ಧ ಗಂಟೆಯಲ್ಲಿ ಹೆಬ್ಬೆರಳು ಗಾತ್ರದ ಒಂದು ವಾಲ್ವ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಅದರ ಬಾಯಿ ಬಿಳಿ ಸುಣ್ಣದಿಂದ ಮುಕ್ಕಾಲು ಮುಚ್ಚಿತ್ತು. ಕೆಲವು ನೂರು ರೂಪಾಯಿಯ ಹೊಸ ವಾಲ್ವ್ ಹಾಕಿದರು. ಆ ಗೀಸರ್ ಇವತ್ತಿಗೂ ನಡೆಯುತ್ತಿದೆ.

ಕಾಕಾ ಅವತ್ತು ತೋರಿಸಿಕೊಟ್ಟದ್ದನ್ನು, ಆಮೇಲೆ ನಾನೇ ನಾಲ್ಕಾರು ಮನೆಗಳಲ್ಲಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಿಸಿನೀರನ್ನು ದೂಡುವುದು ತಣ್ಣೀರು

ನಮ್ಮೂರ ಬಚ್ಚಲಿನ ಹಂಡೆಯಿಂದ ಚೊಂಬಿನಲ್ಲಿ ಎಷ್ಟು ಬೇಕಾದರೂ ತೋಡಿಕೊಳ್ಳಬಹುದು. ಸ್ಟೋರೇಜ್ ಗೀಸರ್, ಅಂದರೆ ಟ್ಯಾಂಕ್ ಇರುವ ಗೀಸರ್, ಹಾಗಲ್ಲ. ಅದರಲ್ಲಿ ಪಂಪ್ ಇಲ್ಲ. ತಣ್ಣೀರು ಟ್ಯಾಂಕಿನ ತಳಕ್ಕೆ ಬರುತ್ತದೆ. ಒಳಗೆ ಉದ್ದವಾದ ಇನ್ನೊಂದು ಕೊಳವೆ ಇದೆ, ಅದು ಮೇಲ್ಭಾಗದ ಬಿಸಿನೀರನ್ನು ಹೊರಗೆ ಬಿಡುತ್ತದೆ. ಒಳಗೆ ಒಂದು ಲೀಟರ್ ತಣ್ಣೀರು ನುಗ್ಗಿದರೆ ಮಾತ್ರ ಒಂದು ಲೀಟರ್ ಬಿಸಿನೀರು ಆಚೆ ಬರುತ್ತದೆ. ಹಾಗಾಗಿ ಬಿಸಿನೀರು ಕಡಿಮೆ ಎಂದರೆ ಬಹಳ ಸಲ ತಣ್ಣೀರು ಒಳಗೆ ಹೋಗುವ ದಾರಿಯಲ್ಲೇ ತಡೆ ಇರುತ್ತದೆ. ನಾವು ಶವರ್ ಬದಲಾಯಿಸುತ್ತೇವೆ, ಬಿಸಿ ತಣ್ಣೀರು ಬೆರೆಸುವ ನಳ, ಅಂದರೆ ಮಿಕ್ಸರ್ ಬದಲಾಯಿಸುತ್ತೇವೆ. ಆ ಕಡೆ ನೋಡುವುದೇ ಇಲ್ಲ.

ತಡೆ ಆಗುವುದು ಯಾಕೆ ಅಂತಲೂ ತಿಳಿದಿರಲಿ. ಪುಣೆ ಪಾಲಿಕೆಯ ನೀರು ಬಹುಪಾಲು ಖಡಕ್‌ವಾಸ್ಲಾ ಕಡೆಯ ಅಣೆಕಟ್ಟುಗಳಿಂದ ಬರುತ್ತದೆ, ಪಕ್ಕದ ಪಿಂಪ್ರಿ-ಚಿಂಚ್‌ವಡ್‌ನದು ಬಹುಪಾಲು ಪವನಾ ಅಣೆಕಟ್ಟಿನಿಂದ. ಇವು ಮಳೆನೀರು ತುಂಬಿದ ಕೆರೆಗಳು, ಅಷ್ಟೇನೂ ಗಡಸಲ್ಲ. ಆದರೆ ವಾಕಡ್, ಹಿಂಜವಡಿ, ವಾಘೋಲಿಯಂಥ ಕಡೆ ನಳದ ನೀರು ಸಾಲದೆ ಟ್ಯಾಂಕರ್, ಬೋರ್‌ವೆಲ್ ನೀರು ಸೇರಿಸುತ್ತಾರೆ. ಕಪ್ಪು ಕಲ್ಲಿನ ನೆಲದಿಂದ ಬರುವ ಆ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ಕಾದಾಗ ಅದು ಬೇರ್ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎಲೆಕ್ಟ್ರಿಕ್ ಕೆಟಲ್ ತಳದಲ್ಲಿ ಕಾಣುವ ಬಿಳಿ ಪದರ ಅದೇ. ಇಲ್ಲಿನವರು ಅದನ್ನು ಕ್ಷಾರ ಅನ್ನುತ್ತಾರೆ. ಎಷ್ಟು ಜಾಸ್ತಿ ಕಾಯಿಸುತ್ತೀರೋ ಅಷ್ಟು ಬೇಗ ಕೂರುತ್ತದೆ.

ಮೊದಲ ಕೆಲಸ: ಬಕೆಟ್ ಮತ್ತು ಮೊಬೈಲ್

ಪಾನಾ (ಸ್ಪ್ಯಾನರ್) ಕೈಗೆ ತೆಗೆದುಕೊಳ್ಳುವ ಮೊದಲು ಅಳೆಯಿರಿ. "ಕಡಿಮೆ ಬರುತ್ತಿದೆ" ಎಂಬ ಅನಿಸಿಕೆ ಸಾಲದು. ಹತ್ತು ಲೀಟರ್ ಬಕೆಟ್ ಒಂದು ಇಟ್ಟುಕೊಳ್ಳಿ. ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ಬರೆದುಕೊಳ್ಳಿ. ಮಿಕ್ಸರ್‌ನ ಕೆಳಗಿನ ನಳದಲ್ಲಿ ಬರೀ ತಣ್ಣೀರು, ಆಮೇಲೆ ಬರೀ ಬಿಸಿನೀರು. ನಂತರ ಶವರ್‌ನಲ್ಲಿ ಅದೇ ಎರಡು. ಒಟ್ಟು ನಾಲ್ಕು ಅಳತೆ. ಅಳೆಯುವಾಗ ಗೀಸರ್ ಆಫ್ ಇದ್ದರೂ ನಡೆಯುತ್ತದೆ, ನಮಗೆ ಬೇಕಿರುವುದು ಹರಿವು, ಬಿಸಿ ಅಲ್ಲ.

ನಮ್ಮ ಮನೆಯಲ್ಲಿ ಅವತ್ತು ಕೆಳಗಿನ ನಳದಲ್ಲಿ ತಣ್ಣೀರು 55 ಸೆಕೆಂಡ್, ಬಿಸಿನೀರು 3 ನಿಮಿಷ 20 ಸೆಕೆಂಡ್. ಅಂದರೆ ತಣ್ಣೀರು ನಿಮಿಷಕ್ಕೆ ಸುಮಾರು 11 ಲೀಟರ್, ಬಿಸಿನೀರು 3 ಲೀಟರ್. ಗೀಸರ್ ದಾಟಿ ಬರುವ ನೀರು ತಣ್ಣೀರಿಗಿಂತ ಸ್ವಲ್ಪ ನಿಧಾನ ಇರುವುದು ಸಹಜ. ಎರಡು, ಮೂರು ಪಟ್ಟು ವ್ಯತ್ಯಾಸ ಇದ್ದರೆ ಎಲ್ಲೋ ತಡೆ ಇದೆ.

ಈಗ ಆ ನಾಲ್ಕು ಅಂಕಿ ನೋಡಿ. ಕೆಳಗಿನ ನಳದಲ್ಲಿ ಎರಡೂ ಚೆನ್ನಾಗಿದ್ದು ಶವರ್‌ನಲ್ಲಿ ಎರಡೂ ಕಡಿಮೆ ಎಂದರೆ ಶವರ್ ತಲೆ ಕಟ್ಟಿದೆ, ಅಥವಾ ಮೇಲಕ್ಕೆ ನೀರು ತಿರುಗಿಸುವ ಡೈವರ್ಟರ್ ಕೆಟ್ಟಿದೆ. ಎಲ್ಲ ಕಡೆ ತಣ್ಣೀರೂ ಕಡಿಮೆ ಎಂದರೆ ಅದು ಕಟ್ಟಡದ ಮೇಲಿನ ಟ್ಯಾಂಕಿನ ಅಥವಾ ಇಡೀ ಲೈನಿನ ಸಮಸ್ಯೆ. ಗೀಸರ್ ಮುಟ್ಟಬೇಡಿ, ಮೊದಲು ಪಕ್ಕದ ಮನೆಯವರನ್ನು ಕೇಳಿ. ಪುಣೆಯಲ್ಲಿ ದುರಸ್ತಿಗೆ ಗುರುವಾರ ನೀರು ಬಂದ್ ಮಾಡುವುದುಂಟು. ಮರುದಿನವೂ ಒತ್ತಡ ಕಡಿಮೆ ಇರುತ್ತದೆ. ಬಿಸಿನೀರು ಮಾತ್ರ ಎಲ್ಲ ಕಡೆ ಕಡಿಮೆ ಎಂದರೆ ಗೀಸರ್ ಸುತ್ತಮುತ್ತ ಹುಡುಕಬೇಕು.

ಇನ್ನೊಂದು ಗುರುತು ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಿಸಿನೀರು ಶುರುವಿನಲ್ಲಿ ಜೋರಾಗಿ ಬಂದು, ನೀರು ಬಿಸಿಯಾಗುತ್ತಾ ಹೋದ ಹಾಗೆ ಸಣ್ಣಗಾಗುತ್ತದೆಯೇ? ಹಾಗಾದರೆ ಬಿಸಿ ನಳದೊಳಗಿನ ರಬ್ಬರ್ ವಾಷರ್ ಮೇಲೆ ಅನುಮಾನ ಪಡಿ. ಹಳೆಯ ರಬ್ಬರ್ ಬಿಸಿಗೆ ಉಬ್ಬಿ ತೂತನ್ನು ಮುಚ್ಚುತ್ತದೆ. ಈ ಪರೀಕ್ಷೆಗೆ ಮಾತ್ರ ಗೀಸರ್ ಕಾದಿರಬೇಕು. ಕೈ ಜೋಪಾನ.

ಶವರ್ ತಲೆ

ಇದು ಸುಲಭ, ಬೇಗ ಮುಗಿಸೋಣ. ಶವರ್ ತಲೆಗೆ ಬಟ್ಟೆ ಸುತ್ತಿ ಕೈಯಿಂದಲೇ ತಿರುಗಿಸಿ ಬಿಚ್ಚಿ. ಕುತ್ತಿಗೆಯಲ್ಲಿ ಚಿಕ್ಕ ಜಾಲರಿ ಇದ್ದರೆ ತೆಗೆದು ತೊಳೆಯಿರಿ. ಹಾಗೇ ಬರೀ ಪೈಪಿನಿಂದ ನೀರು ಬಿಟ್ಟು ನೋಡಿ. ಜೋರಾಗಿ ಬಂದರೆ ಕಳ್ಳ ಸಿಕ್ಕಿದ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ಗಂಟೆ ನೆನೆಹಾಕಿ. ಇಲ್ಲವಾದರೆ ಬಿಸಿನೀರಿನಲ್ಲಿ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಲಿಂಬೂ ಸತ್ವ ಎಂದು ಕೇಳಿದರೆ ಕೊಡುತ್ತಾರೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೂತುಗಳನ್ನು ಉಜ್ಜಿ. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ಹೊಳಪನ್ನು ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಗೀಸರ್ ಮುಟ್ಟುವ ಮುನ್ನ

ಸ್ವಿಚ್ ಆಫ್ ಮಾಡಿದರೆ ಸಾಲದು, ಗೀಸರ್‌ನ ಎಂ.ಸಿ.ಬಿ. (ಮನೆಯ ಕರೆಂಟ್ ಬೋರ್ಡಿನಲ್ಲಿ ಆ ಲೈನನ್ನು ಕಡಿಯುವ ಸ್ವಿಚ್) ಕೆಳಗಿಳಿಸಿ. ಮನೆಯವರಿಗೆಲ್ಲ ಹೇಳಿ, ಯಾರೂ ಮೇಲೆತ್ತಬಾರದು. ಆಮೇಲೆ ಬಿಸಿ ನಳ ತೆರೆದಿಟ್ಟು, ತಣ್ಣನೆ ನೀರು ಬರುವ ತನಕ ಬಿಡಿ. ಆ ಬಿಸಿನೀರನ್ನು ಬಕೆಟ್‌ಗೆ ಹಿಡಿದು ಬಟ್ಟೆಗೋ ಪಾತ್ರೆಗೋ ಬಳಸಿ, ಸುಮ್ನೆ ಚೆಲ್ಲಬೇಡಿ. ಅರವತ್ತು ಡಿಗ್ರಿ ನೀರು ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಸುಟ್ಟ ಗಾಯವಾಗುತ್ತದೆ. ಈ ಒಂದು ಹೆಜ್ಜೆಯನ್ನು ಅವಸರದಲ್ಲಿ ಬಿಡಬೇಡಿ.

ಗಟ್ಟಿ ಸ್ಟೂಲ್ ಅಥವಾ ಏಣಿ, ಒಂದು ಪಾನಾ, ಟೆಫ್ಲಾನ್ ಟೇಪ್, ಅರ್ಧ ಇಂಚಿನ ನಾಲ್ಕು ವಾಷರ್, ಎರಡು ಬಕೆಟ್, ಟಾರ್ಚ್. ಇಷ್ಟು ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷರ್‌ಗೆ ವಾಯ್ಸರ್ ಅಂದರೆ ಬೇಗ ತಿಳಿಯುತ್ತದೆ. ಬಿಸಿನೀರಿಗೆ ಹಾಕುವಂಥದ್ದೇ ಬೇಕು ಎಂದು ಹೇಳಿ.

ಒಂದೊಂದೇ ಕೊಂಡಿ ಬಿಚ್ಚಿ ನೋಡುವುದು

ಗೀಸರ್ ಕೆಳಗೆ ಎರಡು ಪೈಪ್ ಇವೆ. ನೀಲಿ ಗುರುತು ಇದ್ದಲ್ಲಿ ತಣ್ಣೀರು ಒಳಗೆ, ಕೆಂಪು ಇದ್ದಲ್ಲಿ ಬಿಸಿನೀರು ಹೊರಗೆ. ನೀಲಿ ಪೈಪ್ ಗೋಡೆಗೆ ಸೇರುವಲ್ಲಿ ಒಂದು ಆಂಗಲ್ ಕಾಕ್, ಅಂದರೆ ನೀರನ್ನು ಮುಚ್ಚಿ ತೆರೆಯುವ ಚಿಕ್ಕ ತಿರುಪು, ಇರುತ್ತದೆ. ಮೊದಲು ಅದು ಪೂರ್ತಿ ತೆರೆದಿದೆಯೇ ನೋಡಿ. ಬಣ್ಣ ಬಳಿಯಲು ಬಂದವರು, ಟೈಲ್ಸ್ ಕೆಲಸದವರು ಮುಚ್ಚಿ ಅರ್ಧಕ್ಕೇ ತೆರೆದು ಹೋಗಿರುತ್ತಾರೆ. ಗೆಳತಿಯ ಮನೆಯಲ್ಲಿ ಆರು ತಿಂಗಳ ಗೋಳು ಈ ಕಾಕ್ ಮೂರು ಸುತ್ತು ತಿರುಗಿಸಿದ್ದಕ್ಕೇ ಮುಗಿಯಿತು.

ಕಾಕ್ ಸರಿಯಿದ್ದರೆ ಅದನ್ನು ಪೂರ್ತಿ ಮುಚ್ಚಿ. ನೀಲಿ ಪೈಪಿನ ಗೀಸರ್ ಕಡೆಯ ತುದಿಯನ್ನು ಬಿಚ್ಚಿ ಬಕೆಟ್‌ಗೆ ಇಳಿಬಿಡಿ. ಈಗ ಕಾಕ್ ತೆರೆದು ಅಳೆಯಿರಿ. ಇಲ್ಲೇ ನೀರು ಕಡಿಮೆ ಇದ್ದರೆ ಕಾಕ್ ಒಳಗೆ ಕಸ ಇದೆ, ಇಲ್ಲವೇ ಪೈಪ್ ಹಾಳಾಗಿದೆ. ಈ ಬಳುಕುವ ಪೈಪ್‌ಗಳ ಹೊರಗೆ ಉಕ್ಕಿನ ಹೆಣಿಗೆ ಇರುತ್ತದೆ, ಒಳಗೆ ರಬ್ಬರ್ ಕೊಳವೆ. ಹೊರಗಿನಿಂದ ಹೊಸದರಂತೆ ಕಂಡರೂ ಒಳಗಿನ ರಬ್ಬರ್ ಮಡಚಿಕೊಂಡಿರಬಹುದು. ತುದಿಯ ವಾಷರ್ ಉಬ್ಬಿ ತೂತು ಕಿರಿದಾಗಿರಬಹುದು. ಟಾರ್ಚ್ ಬಿಟ್ಟು ನೋಡಿ. ಅನುಮಾನ ಬಂದರೆ ಎರಡೂ ಪೈಪ್ ಹೊಸದು ಹಾಕಿಬಿಡಿ.

ಇಲ್ಲಿ ನೀರು ಜೋರಾಗಿ ಬಂತು ಎನ್ನೋಣ. ಕಾಕ್ ಮುಚ್ಚಿ, ನೀಲಿ ಪೈಪನ್ನು ಮತ್ತೆ ಜೋಡಿಸಿ. ಈಗ ಕೆಂಪು ಪೈಪಿನ ಗೋಡೆ ಕಡೆಯ ತುದಿ ಬಿಚ್ಚಿ ಬಕೆಟ್‌ಗೆ ಬಿಡಿ. ಕಾಕ್ ತೆರೆಯಿರಿ. ಗೀಸರ್ ದಾಟಿ ನೀರು ಬಕೆಟ್‌ಗೆ ಬರುತ್ತದೆ. ಇಲ್ಲೂ ಜೋರಾಗಿ ಬಂದರೆ ಗೀಸರ್ ನಿರಪರಾಧಿ, ತಡೆ ಗೋಡೆಯೊಳಗಿನ ಪೈಪ್‌ನಲ್ಲೋ ಮಿಕ್ಸರ್‌ನಲ್ಲೋ ಇದೆ. ಇಲ್ಲಿ ಕಡಿಮೆ ಬಂದರೆ ಕೆಂಪು ಪೈಪನ್ನೂ ಒಮ್ಮೆ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಅದು ಸರಿಯಿದ್ದರೆ ಉಳಿಯುವುದು ವಾಲ್ವ್.

ಆ ಚಿಕ್ಕ ವಾಲ್ವ್

ನೀಲಿ ಪೈಪ್ ಗೀಸರ್‌ಗೆ ಸೇರುವ ಬಾಯಲ್ಲಿ ಇದು ಕೂತಿರುತ್ತದೆ. ಸೇಫ್ಟಿ ವಾಲ್ವ್ ಎಂದೇ ಕೇಳಿ. ಇದರ ಕೆಲಸ ಎರಡು. ಒಳಗೆ ಹೋದ ನೀರನ್ನು ಹಿಂದಕ್ಕೆ ಬರಲು ಬಿಡುವುದಿಲ್ಲ. ಟ್ಯಾಂಕಿನೊಳಗೆ ಒತ್ತಡ ಏರಿದರೆ ಪಕ್ಕದ ತೂತಿನಿಂದ ಸ್ವಲ್ಪ ನೀರು ಆಚೆ ಬಿಡುತ್ತದೆ. ಸಾಮಾನ್ಯವಾಗಿ 8 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ತೆರೆಯುವಂಥದ್ದು ಇರುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ ಹಿಗ್ಗಿ ಮುನ್ನೂರೈವತ್ತರಿಂದ ನಾನೂರು ಮಿಲಿಲೀಟರ್ ಹೆಚ್ಚಾಗುತ್ತದೆ. ಹಿಂದಕ್ಕೆ ಹೋಗಲು ದಾರಿ ಇಲ್ಲ, ಅದಕ್ಕೇ ಕಾಯುವಾಗ ಅಲ್ಲಿಂದ ಹನಿ ಬೀಳುವುದು. ಅದು ರಿಪೇರಿ ಬೇಕಾದ ಸೋರಿಕೆಯಲ್ಲ. ಆ ತೂತಿಗೆ ಸೋರಿಕೆ ಮುಚ್ಚುವ ಎಂಸೀಲ್ ಮೆತ್ತಿದ ಮನೆಗಳನ್ನು ನೋಡಿದ್ದೇನೆ, ನೋಡಿ ಎದೆ ಝಲ್ಲೆಂದಿದೆ. ದಯವಿಟ್ಟು ಮುಚ್ಚಬೇಡಿ.

ಒಳಗಿನ ಸ್ಪ್ರಿಂಗ್ ಮತ್ತು ಬಿಲ್ಲೆಯ ಸುತ್ತ ಕ್ಷಾರ ಕೂತರೆ ಬಿಲ್ಲೆ ಪೂರ್ತಿ ತೆರೆಯುವುದಿಲ್ಲ. ನೀರು ಸಂದಿಯಲ್ಲಿ ನುಸುಳಿ ಹೋಗಬೇಕಾಗುತ್ತದೆ. ಬದಲಾಯಿಸುವುದು ಹೀಗೆ.

ಎಂ.ಸಿ.ಬಿ. ಇಳಿಸಿದೆ, ನೀರು ತಣ್ಣಗಿದೆ ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಆಂಗಲ್ ಕಾಕ್ ಮುಚ್ಚಿ, ನೀಲಿ ಪೈಪ್ ಬಿಚ್ಚಿ. ಕೆಳಗೆ ಬಕೆಟ್ ಇಡಿ, ಇನ್ನೊಂದು ಪಕ್ಕದಲ್ಲಿರಲಿ. ವಾಲ್ವ್ ತೆಗೆದ ಕೂಡಲೇ ಟ್ಯಾಂಕಿನ ನೀರೆಲ್ಲ ಅದೇ ಬಾಯಿಂದ ಇಳಿಯುತ್ತದೆ. ಒಂದು ಕೈಯಲ್ಲಿ ಗೀಸರ್‌ನ ಬಾಯಿ ಹಿಡಿದು, ಇನ್ನೊಂದರಲ್ಲಿ ಪಾನಾದಿಂದ ವಾಲ್ವ್ ತಿರುಗಿಸಿ. ಅದು ಅಂಟಿಕೊಂಡಿದ್ದರೆ ಜೋರು ಮಾಡಬೇಡಿ, ಟ್ಯಾಂಕಿನ ಬಾಯಿಯೇ ಬಿರುಕು ಬಿಟ್ಟರೆ ಆಗ ನಿಜವಾಗಿಯೂ ಹೊಸ ಗೀಸರ್ ಬೇಕಾಗುತ್ತದೆ. ಅಂಥ ಕಡೆ ಪ್ಲಂಬರ್ ಕರೆಯುವುದೇ ಲೇಸು.

ಇಳಿದ ನೀರಲ್ಲಿ ಏನಿದೆ ನೋಡಿ. ಸಕ್ಕರೆ ಹರಳಿನಷ್ಟು ಬಿಳಿ ಪುಡಿ ಒಂದೆರಡು ಚಿಟಿಕೆ ಬಂದರೆ ಪರವಾಗಿಲ್ಲ. ಹಿಡಿಗಟ್ಟಲೆ ಚಕ್ಕೆ ಬಂದರೆ ಒಳಗೆ ನೀರು ಕಾಯಿಸುವ ಕಾಯಿಲ್ ಮೇಲೂ ದಪ್ಪಗೆ ಕೂತಿದೆ ಎಂದರ್ಥ, ಮೆಕ್ಯಾನಿಕ್‌ನಿಂದ ಒಳಗೆ ಶುಚಿ ಮಾಡಿಸಿ.

ಹಳೆಯ ವಾಲ್ವನ್ನು ವಿನೆಗರ್‌ನಲ್ಲಿ ನೆನೆಸಿ ಮತ್ತೆ ಹಾಕಬಹುದೇ ಎಂದು ಕೇಳುತ್ತಾರೆ. ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಒತ್ತಡ ಬಿಡುವ ಭಾಗ ಸರಿಯಾಗಿ ತೆರೆಯುತ್ತದೆಯೇ ಎಂದು ಮನೆಯಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯ, ಅದೇ ಒತ್ತಡದ ಹೊಸದನ್ನು ತನ್ನಿ. ಎಳೆಗಳಿಗೆ ಟೆಫ್ಲಾನ್ ಟೇಪನ್ನು ತಿರುಗಿಸುವ ದಿಕ್ಕಿನಲ್ಲೇ ಹತ್ತು ಹನ್ನೆರಡು ಸುತ್ತು ಸುತ್ತಿ. ವಾಲ್ವ್ ಮೇಲಿನ ಬಾಣ ಗೀಸರ್ ಕಡೆ ನೋಡಬೇಕು. ಕೈಯಿಂದ ಬಿಗಿ ಮಾಡಿ, ಆಮೇಲೆ ಪಾನಾದಿಂದ ಅರ್ಧ ಮುಕ್ಕಾಲು ಸುತ್ತು. ವಾಲ್ವ್ ಇಲ್ಲದೆ ನೇರ ಪೈಪ್ ಜೋಡಿಸಿದರೆ ನೀರು ಇನ್ನೂ ಜೋರು ಬರುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಬೇಡಿ. ಮೇಲಿನ ಟ್ಯಾಂಕ್ ಖಾಲಿಯಾದ ದಿನ ಗೀಸರ್ ನೀರು ಹಿಂದಕ್ಕೆ ಇಳಿದುಹೋಗುತ್ತದೆ, ಬರಿದಾದ ಟ್ಯಾಂಕಿನಲ್ಲಿ ಕಾಯಿಲ್ ಸುಡುತ್ತದೆ. ಒತ್ತಡ ಬಿಡುವ ಕಾವಲೂ ಹೋಯಿತು.

ಕೊನೆಗೆ ಬಿಸಿ ನಳ ತೆರೆದಿಟ್ಟು ಕಾಕ್ ತೆರೆಯಿರಿ. ಮೊದಲು ಗಾಳಿ ಬುಸ್ ಬುಸ್ ಎನ್ನುತ್ತದೆ, ಆಮೇಲೆ ನೀರು ತುಂಡಾಗದೆ ಬರುತ್ತದೆ. ಹಾಗೆ ಬಂದ ಮೇಲೂ ಎರಡು ನಿಮಿಷ ಬಿಡಿ. ಜೋಡಣೆಗಳಿಗೆ ಒಣ ಕಾಗದ ಒತ್ತಿ ತೇವ ಇದೆಯೇ ನೋಡಿ. ಆಮೇಲಷ್ಟೇ ಎಂ.ಸಿ.ಬಿ. ಮೇಲೆತ್ತಿ. ನಮ್ಮ ಮನೆಯ 3 ನಿಮಿಷ 20 ಸೆಕೆಂಡ್ ಅವತ್ತು 1 ನಿಮಿಷ 5 ಸೆಕೆಂಡ್‌ಗೆ ಇಳಿಯಿತು.

ಗೀಸರ್ ಸರಿಯಿದ್ದು ಮಿಕ್ಸರ್ ಕೆಟ್ಟಿದ್ದರೆ

ಬಾತ್‌ರೂಮಿಗೆ ಬರುವ ಎರಡೂ ಲೈನ್ ಮುಚ್ಚಿ. ಬಿಸಿ ಕಡೆಯ ಹಿಡಿ ತೆಗೆದು ಒಳಗಿನ ಸ್ಪಿಂಡಲ್ (ಹಿಡಿಯ ಜೊತೆ ತಿರುಗಿ ನೀರು ಬಿಡುವ ಭಾಗ) ಬಿಚ್ಚಿ. ಹಳೆಯ ಮಾದರಿಯಲ್ಲಿ ರಬ್ಬರ್ ವಾಷರ್ ಇರುತ್ತದೆ, ಬದಲಾಯಿಸಿ. ಕಾಲು ಸುತ್ತು ತಿರುಗುವ ಹೊಸ ಮಾದರಿಯಲ್ಲಿ ಸಿರಾಮಿಕ್ ಬಿಲ್ಲೆಗಳಿರುತ್ತವೆ, ನಡುವೆ ಮರಳು ಅಥವಾ ಕ್ಷಾರ ಸಿಕ್ಕಿರುತ್ತದೆ. ಪೂರ್ತಿ ಸ್ಪಿಂಡಲನ್ನೇ ಬದಲಾಯಿಸುವುದು ಒಳ್ಳೆಯದು. ಅದೇ ಕಂಪನಿಯದು ಬೇಕು, ಸ್ಯಾಂಪಲ್ ಒಯ್ಯಿರಿ. ಎಡ ಬಲ ಬೇರೆ ಬೇರೆ ಇರಬಹುದು, ಬಿಸಿ ಕಡೆಯದು ಎಂದು ಹೇಳಿ.

ಮಿಕ್ಸರ್ ಕೂಡ ಸರಿಯಿದ್ದರೆ ತಡೆ ಗೋಡೆಯೊಳಗಿದೆ. ಮುಂಬೈನ ಹಳೆಯ ಕಟ್ಟಡಗಳಲ್ಲಿ ಜಿ.ಐ. (ಸತು ಲೇಪಿತ ಕಬ್ಬಿಣದ) ಪೈಪ್ ಒಳಗೆ ತುಕ್ಕು ಬೆಳೆದು ಅರ್ಧ ಇಂಚಿನ ದಾರಿ ಪೆನ್ಸಿಲ್‌ನಷ್ಟಾಗಿರುತ್ತದೆ. ಅದಕ್ಕೆ ಯಾವ ಔಷಧಿಯೂ ಇಲ್ಲ, ಬಿಸಿನೀರು ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಹಾಕಿಸಬೇಕು.

ಸೋಲಾರ್, ಮೇಲಿನ ಮಹಡಿ, ಗ್ಯಾಸ್ ಗೀಸರ್

ಪುಣೆಯ ಎಷ್ಟೋ ಸೊಸೈಟಿಗಳಲ್ಲಿ ಬೆಳಗ್ಗೆ ಕೆಲವು ಗಂಟೆ ಸೋಲಾರ್ ಬಿಸಿನೀರು ಬಿಡುತ್ತಾರೆ. ಲೈನ್ ಖಾಲಿಯಾಗಿ ಮತ್ತೆ ತುಂಬಿದಾಗ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರು ಬುಸುಗುಟ್ಟಿ, ನಿಂತು, ಮತ್ತೆ ಬರುತ್ತಿದ್ದರೆ ಅದೇ. ಪೈಪ್ ತಣ್ಣಗಿರುವಾಗ ಕೆಳಗಿನ ನಳದ ಬಾಯನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ಬಿಸಿ ತಣ್ಣೀರು ಎರಡನ್ನೂ ಅರ್ಧ ನಿಮಿಷ ತೆರೆಯಿರಿ. ತಣ್ಣೀರಿನ ಒತ್ತಡ ಹೆಚ್ಚಿದ್ದರೆ ಅದು ಬಿಸಿ ಲೈನಿಗೆ ನುಗ್ಗಿ ಗಾಳಿಯನ್ನು ಹಿಂದಕ್ಕೆ ದೂಡುತ್ತದೆ. ಎರಡು ಮೂರು ಸಲ ಮಾಡಿ. ಸ್ಟೋರೇಜ್ ಗೀಸರ್‌ಗೆ ಇದು ಉಪಯೋಗವಿಲ್ಲ, ಆ ವಾಲ್ವ್ ಹಿಂದಕ್ಕೆ ಬಿಡುವುದಿಲ್ಲವಲ್ಲ.

ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಇರುವವರಿಗೆ ಒಂದು ಲೆಕ್ಕ. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ನಿಮ್ಮ ಶವರ್‌ನಿಂದ ಟ್ಯಾಂಕ್ ಮೂರು ಮೀಟರ್ ಮೇಲಿದ್ದರೆ 0.3 ಬಾರ್ ಅಷ್ಟೇ. ಅಂಥ ಕಡೆ ತಟ್ಟೆಯಗಲದ ರೇನ್ ಶವರ್ ಹಾಕಿಸಿದರೆ ನೀರು ತೊಟ್ಟಿಕ್ಕುತ್ತದೆ. ಚಿಕ್ಕ ತಲೆಯ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್ ಹಾಕಿ. ಪಂಪ್ ಹಾಕಿಸುವುದಾದರೆ ಸೊಸೈಟಿಯ ಅನುಮತಿ ಪಡೆಯಿರಿ, ಗೀಸರ್ ಎಷ್ಟು ಒತ್ತಡ ತಡೆಯುತ್ತದೆ ಎಂದು ಅದರ ಚೀಟಿಯಲ್ಲಿ ನೋಡಿ. ಲೈನ್ ಎರಡಾಗಿ ಕವಲೊಡೆಯುವ ಮೊದಲೇ ಪಂಪ್ ಇರಬೇಕು. ತಣ್ಣೀರಿಗೆ ಮಾತ್ರ ಪಂಪ್ ಕೊಟ್ಟರೆ ಬಿಸಿನೀರು ಇನ್ನೂ ಹಿಂದೆ ಸರಿಯುತ್ತದೆ.

ಗ್ಯಾಸ್ ಗೀಸರ್ ಇದ್ದರೆ ನೀರು ಒಳಬರುವ ಕಡೆ ಒಂದು ಜಾಲರಿ ಇರುತ್ತದೆ. ಗ್ಯಾಸ್ ಮತ್ತು ನೀರು ಎರಡನ್ನೂ ಮುಚ್ಚಿ ಆ ಜಾಲರಿ ತೊಳೆಯಿರಿ. ಹರಿವು ಕಡಿಮೆಯಾದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಇದಕ್ಕಿಂತ ಒಳಗೆ ಕೈಹಾಕಬೇಡಿ. ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಗ್ಯಾಸ್ ಗೀಸರ್ ಮುಚ್ಚಿದ ಬಾತ್‌ರೂಮಿನೊಳಗೆ ಇರಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರದೇ ಇದ್ದ ಘಟನೆಗಳು ನಡೆದಿವೆ. ಒಳಗಿದ್ದರೆ ಹೊರಗಿನ ಗಾಳಿಗೆ ತೆರೆದಿರುವ ಜಾಗಕ್ಕೆ ಸ್ಥಳಾಂತರ ಮಾಡಿಸಿ. ನೀರಿನ ಒತ್ತಡ ಆಮೇಲೆ.

ವರ್ಷಕ್ಕೊಮ್ಮೆ

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲು ಹಂಡೆ ತಿಕ್ಕಿ ತೊಳೆಯುವ ಪದ್ಧತಿ ನಮ್ಮಲ್ಲಿತ್ತು ಅಲ್ವಾ? ಹಂಡೆ ಹೋಗಿ ಗೀಸರ್ ಬಂದಿದೆ. ನಾನು ಹಬ್ಬದ ಹಿಂದಿನ ಭಾನುವಾರ ಶವರ್ ತಲೆ ನೆನೆಹಾಕುತ್ತೇನೆ, ಪೈಪ್‌ಗಳ ವಾಷರ್ ನೋಡುತ್ತೇನೆ, ವಾಲ್ವ್ ಮೇಲೂ ಒಮ್ಮೆ ಕಣ್ಣು ಹಾಯಿಸುತ್ತೇನೆ. ಗೀಸರ್‌ನ ಉಷ್ಣತೆಯನ್ನು 60ಕ್ಕಿಂತ ಮೇಲೆ ಇಡುವುದಿಲ್ಲ. ಸೊಸೈಟಿ ಟ್ಯಾಂಕ್ ತೊಳೆಯುವ ದಿನ ಗೀಸರ್‌ನ ಆಂಗಲ್ ಕಾಕ್ ಮುಚ್ಚಿ, ಗೀಸರ್ ಆಫ್ ಮಾಡಿಡುತ್ತೇನೆ. ಮರುದಿನ ಬೇರೆ ನಳದಲ್ಲಿ ಕೆಸರು ನೀರೆಲ್ಲ ಹೋದ ಮೇಲಷ್ಟೇ ತೆರೆಯುತ್ತೇನೆ.

ಆಮೇಲೆ ಅದೇ ಹತ್ತು ಲೀಟರ್ ಬಕೆಟ್ ಇಟ್ಟು ಅಳೆದು, ತಾರೀಖಿನ ಜೊತೆ ಬಾತ್‌ರೂಮ್ ಕಪಾಟಿನ ಬಾಗಿಲ ಒಳಗೆ ಬರೆದಿಡುತ್ತೇನೆ. ಈ ವರ್ಷ ಬಿಸಿನೀರು 1 ನಿಮಿಷ 15 ಸೆಕೆಂಡ್. ಒಂದೂವರೆ ನಿಮಿಷ ದಾಟಿದ ದಿನ ಅಂಗಡಿಗೆ ಹೋಗಿ ಹೊಸ ವಾಲ್ವ್ ತರುವುದು.